ಎಡ್ಮಂಡ್ ಬೆಕ್ವೆರೆಲ್: ಜೀವನ, ಸಂಶೋಧನೆ ಮತ್ತು ಸೌರ ವಿದ್ಯುತ್

ಪರಿಚಯ

ಮನೆಯ ಮೇಲ್ಛಾವಣಿಯಲ್ಲಿ ಸೌರ ಫಲಕಗಳನ್ನು ಅಳವಡಿಸಿಕೊಳ್ಳಲು ಬಯಸುವ ಸಾರ್ವಜನಿಕರಲ್ಲಿ ಸಾಮಾನ್ಯವಾಗಿ ಒಂದು ಭಾವನೆ ಇರುತ್ತದೆ. ಬಿಸಿಲಿನ ತಾಪ ಹೆಚ್ಚಿದಷ್ಟೂ ವಿದ್ಯುತ್ ಉತ್ಪಾದನೆಯೂ ಹೆಚ್ಚುತ್ತದೆ ಎಂಬುದೇ ಆ ಭಾವನೆ. ಇದು ಸರಿಯಲ್ಲ. ಸೌರ ಫಲಕವು ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಶಾಖವು ಅದರ ಉತ್ಪಾದನೆಯನ್ನು ಕುಗ್ಗಿಸುತ್ತದೆ. ನೀರು ಕಾಯಿಸುವ ಸೋಲಾರ್ ವಾಟರ್ ಹೀಟರ್ ಶಾಖವನ್ನು ಬಳಸುವ ಸಾಧನವಾದರೆ, ಸೌರ ವಿದ್ಯುತ್ ಫಲಕವು ಬೆಳಕನ್ನು ಬಳಸುವ ಸಾಧನವಾಗಿದೆ. ಎರಡೂ ಒಂದೇ ಛಾವಣಿಯ ಮೇಲೆ ಅಕ್ಕಪಕ್ಕದಲ್ಲಿದ್ದರೂ ಅವುಗಳ ಕಾರ್ಯವಿಧಾನ ಬೇರೆ ಬೇರೆ.

ಬೆಳಕು ಬಿದ್ದ ಮಾತ್ರಕ್ಕೆ ವಿದ್ಯುತ್ ಪ್ರವಾಹ ಉಂಟಾಗಬಲ್ಲದು ಎಂಬುದನ್ನು ಪ್ರಯೋಗದ ಮೂಲಕ ಮೊದಲಿಗೆ ಕಂಡವರು ಫ್ರಾನ್ಸ್ ದೇಶದ ಭೌತವಿಜ್ಞಾನಿ ಎಡ್ಮಂಡ್ ಬೆಕ್ವೆರೆಲ್. ಅವರು ಈ ಸಂಶೋಧನೆಯನ್ನು ಪ್ರಕಟಿಸಿದ್ದು 1839ರಲ್ಲಿ. ಆಗ ಅವರಿಗೆ 19 ವರ್ಷ. ಅವರ ಜೀವನ ಮತ್ತು ಸಂಶೋಧನೆಗಳ ಸಂಕ್ಷಿಪ್ತ ಪರಿಚಯವನ್ನೂ, ಸೌರ ಫಲಕಗಳ ಕಾರ್ಯವಿಧಾನ ಹಾಗೂ ಅವುಗಳ ದಕ್ಷತೆಯ ಮೇಲೆ ಪರಿಣಾಮ ಬೀರುವ ಅಂಶಗಳ ವಿವರವನ್ನೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಮನೆತನ

ಅಲೆಕ್ಸಾಂಡ್ರ್ ಎಡ್ಮಂಡ್ ಬೆಕ್ವೆರೆಲ್ ಅವರು 1820ರ ಮಾರ್ಚ್ 24ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ಅವರ ತಂದೆ ಆಂತ್ವಾನ್ ಸೆಸಾರ್ ಬೆಕ್ವೆರೆಲ್ ನೆಪೋಲಿಯನ್ನನ ಸೇನೆಯಲ್ಲಿ ಎಂಜಿನಿಯರ್ ಅಧಿಕಾರಿಯಾಗಿದ್ದು, ಸ್ಪೇನ್ ದೇಶದಲ್ಲಿ ನಡೆದ ಯುದ್ಧದಲ್ಲಿ ಸೇವೆ ಸಲ್ಲಿಸಿದ್ದರು. 1815ರಲ್ಲಿ ಸೇನೆಯನ್ನು ತೊರೆದ ನಂತರ ಅವರು ವಿಜ್ಞಾನದ ಅಧ್ಯಯನಕ್ಕೆ ತಮ್ಮನ್ನು ಮುಡಿಪಾಗಿಟ್ಟರು. ವಿದ್ಯುತ್ತಿಗೂ ರಾಸಾಯನಿಕ ಕ್ರಿಯೆಗಳಿಗೂ ಇರುವ ಸಂಬಂಧವನ್ನು ವ್ಯವಸ್ಥಿತವಾಗಿ ಪರಿಶೀಲಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಈ ಕಾರ್ಯಕ್ಕಾಗಿ ಲಂಡನ್ನಿನ ರಾಯಲ್ ಸೊಸೈಟಿಯು 1837ರಲ್ಲಿ ಅವರಿಗೆ ಕೋಪ್ಲಿ ಪದಕವನ್ನು ನೀಡಿ ಗೌರವಿಸಿತು. 1838ರಲ್ಲಿ ಅವರು ಪ್ಯಾರಿಸಿನ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು.

ಈ ಸಂಗ್ರಹಾಲಯವು ವಸ್ತುಗಳನ್ನು ಪ್ರದರ್ಶನಕ್ಕೆ ಇಡುವುದಷ್ಟಕ್ಕೇ ಸೀಮಿತವಾಗಿರಲಿಲ್ಲ. ಬೋಧನೆ ಮತ್ತು ಸಂಶೋಧನೆ ಎರಡೂ ನಡೆಯುತ್ತಿದ್ದ ಉನ್ನತ ಸಂಸ್ಥೆ ಅದಾಗಿತ್ತು. ಬೆಕ್ವೆರೆಲ್ ಮನೆತನದ ನಾಲ್ಕು ತಲೆಮಾರುಗಳು ಒಂದರ ನಂತರ ಒಂದರಂತೆ ಇದೇ ಸಂಸ್ಥೆಯ ಭೌತಶಾಸ್ತ್ರ ಪೀಠವನ್ನು ಅಲಂಕರಿಸಿದವು. ತಂದೆಯ ನಂತರ ಎಡ್ಮಂಡ್, ಅವರ ನಂತರ ಮಗ ಹೆನ್ರಿ, ತರುವಾಯ ಮೊಮ್ಮಗ ಜಾನ್ ಈ ಸ್ಥಾನದಲ್ಲಿ ಕಾರ್ಯನಿರ್ವಹಿಸಿದರು.

ವಿದ್ಯಾಭ್ಯಾಸ ಮತ್ತು ಒಂದು ನಿರ್ಧಾರ

ಹದಿನೆಂಟನೆಯ ವಯಸ್ಸಿನಲ್ಲಿ ಎಡ್ಮಂಡ್ ಅವರ ಮುಂದೆ ಎರಡು ದಾರಿಗಳು ತೆರೆದಿದ್ದವು. ಫ್ರಾನ್ಸಿನ ಅತ್ಯಂತ ಪ್ರತಿಷ್ಠಿತ ವಿದ್ಯಾಲಯಗಳಾದ ಎಕೋಲ್ ನಾರ್ಮಾಲ್ ಮತ್ತು ಎಕೋಲ್ ಪಾಲಿಟೆಕ್ನಿಕ್ ಎರಡರಲ್ಲಿಯೂ ಅವರಿಗೆ ಪ್ರವೇಶ ದೊರೆತಿತ್ತು. ಈ ವಿದ್ಯಾಲಯಗಳಲ್ಲಿ ಕಲಿತವರಿಗೆ ಸರ್ಕಾರದ ಉನ್ನತ ಹುದ್ದೆಗಳು ದೊರೆಯುವುದು ಸಾಮಾನ್ಯವಾಗಿತ್ತು. ಆದರೂ ಅವರು ಎರಡನ್ನೂ ಬಿಟ್ಟು, ಹೊಸದಾಗಿ ಪ್ರಾಧ್ಯಾಪಕರಾಗಿದ್ದ ತಂದೆಯ ಬಳಿ ಸಹಾಯಕರಾಗಿ ಸೇರಿಕೊಂಡರು.

ಆ ಕಾಲದಲ್ಲಿ ಪ್ರಯೋಗಾಲಯದ ಸಹಾಯಕನ ಕೆಲಸವೆಂದರೆ ಗಾಜಿನ ಪಾತ್ರೆಗಳನ್ನು ಸಿದ್ಧಪಡಿಸುವುದು, ಲೋಹದ ತಗಡುಗಳನ್ನು ಉಜ್ಜಿ ಶುಚಿಗೊಳಿಸುವುದು, ದ್ರಾವಣಗಳನ್ನು ಬೆರೆಸುವುದು ಮತ್ತು ಮಾಪಕದ ಸೂಜಿಯ ಚಲನೆಯನ್ನು ಗಮನಿಸಿ ದಾಖಲಿಸುವುದು. ಈ ದುಡಿಮೆಯಿಂದ ಎಡ್ಮಂಡ್ ಅವರಿಗೆ ಎರಡು ವಿಷಯಗಳು ಕರಗತವಾದವು. ಒಂದು, ಅತಿ ದುರ್ಬಲವಾದ ವಿದ್ಯುತ್ ಪ್ರವಾಹವನ್ನೂ ಅಳೆಯುವ ಕೌಶಲ. ಇನ್ನೊಂದು, ಸೂಜಿ ಕದಲಿದಾಗ ಅದಕ್ಕೆ ಕಾರಣ ಯಾವುದು ಮತ್ತು ಯಾವುದಲ್ಲ ಎಂದು ಒಂದೊಂದಾಗಿ ಪರೀಕ್ಷಿಸಿ ನೋಡುವ ತಾಳ್ಮೆ. ಮುಂದಿನ ವರ್ಷವೇ ಇವೆರಡೂ ಅವರ ಉಪಯೋಗಕ್ಕೆ ಬಂದವು. 1840ರಲ್ಲಿ ಅವರು ಪ್ಯಾರಿಸ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿಯನ್ನು ಪಡೆದರು.

1839ರ ಪ್ರಯೋಗ

1839ನೇ ಇಸವಿಯಲ್ಲಿ ಪ್ಯಾರಿಸ್ ನಗರದಲ್ಲಿ ಬೆಳಕಿನ ವಿಷಯವೇ ಎಲ್ಲೆಡೆ ಚರ್ಚೆಯಲ್ಲಿತ್ತು. ಬೆಳ್ಳಿಯ ತಗಡಿನ ಮೇಲೆ ಚಿತ್ರವನ್ನು ಮೂಡಿಸುವ ಡಾಗೇರ್ ಅವರ ಛಾಯಾಚಿತ್ರ ವಿಧಾನವನ್ನು ಅದೇ ವರ್ಷ ವಿಜ್ಞಾನ ಅಕಾಡೆಮಿಯಲ್ಲಿ ಪ್ರಕಟಿಸಲಾಯಿತು. ಬೆಳ್ಳಿಯ ಕೆಲವು ಲವಣಗಳು ಬೆಳಕಿಗೆ ತೆರೆದುಕೊಂಡಾಗ ಕಪ್ಪಾಗುತ್ತವೆ ಎಂಬ ಸಂಗತಿ ಮೊದಲೇ ತಿಳಿದಿತ್ತು. ರಾಸಾಯನಿಕ ಬದಲಾವಣೆ ನಡೆಯುವಲ್ಲಿ ವಿದ್ಯುತ್ ಪ್ರವಾಹವೂ ಹುಟ್ಟಬಹುದು ಎಂಬುದು ತಂದೆಯ ಅಧ್ಯಯನಗಳಿಂದ ಎಡ್ಮಂಡ್ ಅವರಿಗೆ ಪರಿಚಿತವಾಗಿತ್ತು. ಹಾಗಾದರೆ ಬೆಳಕಿನಿಂದ ಆಗುವ ಬದಲಾವಣೆಯನ್ನು ವಿದ್ಯುತ್ತಿನ ಮೂಲಕ ಅಳೆಯಲು ಸಾಧ್ಯವೇ ಎಂಬುದು ಅವರು ಎತ್ತಿಕೊಂಡ ಪ್ರಶ್ನೆ.

ಇದಕ್ಕಾಗಿ ಅವರು ಬಳಸಿದ ಸಲಕರಣೆ ಸರಳವಾದುದು. ಒಳಭಾಗಕ್ಕೆ ಕಪ್ಪು ಬಳಿದ ಒಂದು ಪೆಟ್ಟಿಗೆಯನ್ನು ತೆಳುವಾದ ಪೊರೆಯಿಂದ ಎರಡು ಭಾಗಗಳಾಗಿ ವಿಂಗಡಿಸಿ, ಎರಡರಲ್ಲಿಯೂ ಆಮ್ಲೀಯ ದ್ರಾವಣವನ್ನು ತುಂಬಲಾಗಿತ್ತು. ಪ್ರತಿ ಭಾಗದಲ್ಲಿಯೂ ಒಂದೊಂದು ಪ್ಲಾಟಿನಂ ತಗಡನ್ನು ಇಳಿಬಿಟ್ಟು, ಅವುಗಳ ಮೇಲೆ ಸಿಲ್ವರ್ ಕ್ಲೋರೈಡ್ ಅಥವಾ ಸಿಲ್ವರ್ ಬ್ರೋಮೈಡಿನ ಲೇಪನ ನೀಡಲಾಗಿತ್ತು. ಎರಡೂ ತಗಡುಗಳನ್ನು ತಂತಿಯ ಮೂಲಕ ಗ್ಯಾಲ್ವನೋಮೀಟರಿಗೆ ಜೋಡಿಸಲಾಗಿತ್ತು. ಕತ್ತಲೆಯಲ್ಲಿ ಸೂಜಿ ನಿಶ್ಚಲವಾಗಿರುತ್ತಿತ್ತು. ಒಂದು ತಗಡಿನ ಮೇಲೆ ಮಾತ್ರ ಸೂರ್ಯನ ಬೆಳಕು ಬೀಳುವಂತೆ ಮಾಡಿದಾಗ ಸೂಜಿ ಕದಲಿತು. ಬೆಳಕು ಬಿದ್ದ ತಗಡಿಗೂ ಕತ್ತಲೆಯಲ್ಲಿದ್ದ ತಗಡಿಗೂ ನಡುವೆ ವಿದ್ಯುತ್ ಹರಿದಿತ್ತು.

ಶಾಖದ ಸಂಶಯ ಪರಿಹಾರ

ಸೂಜಿ ಕದಲಿದ ಕೂಡಲೇ ಸಂಶೋಧನೆ ಮುಗಿಯಲಿಲ್ಲ. ಬಿಸಿಲು ಬಿದ್ದ ತಗಡು ಬಿಸಿಯಾಗುತ್ತದೆ. ತಾಪದ ವ್ಯತ್ಯಾಸದಿಂದಲೂ ವಿದ್ಯುತ್ ಹುಟ್ಟಬಲ್ಲದು ಎಂಬುದು 1820ರ ದಶಕದಲ್ಲಿಯೇ ತಿಳಿದುಬಂದಿತ್ತು. ಆದುದರಿಂದ ತಾವು ಕಂಡದ್ದು ಶಾಖದ ಪರಿಣಾಮವೋ ಬೆಳಕಿನ ಪರಿಣಾಮವೋ ಎಂಬುದನ್ನು ನಿರ್ಧರಿಸುವುದು ಎಡ್ಮಂಡ್ ಅವರಿಗೆ ಅಗತ್ಯವಾಗಿತ್ತು.

ಅವರು ಸೂರ್ಯನ ಬೆಳಕನ್ನು ಪ್ರಿಸಮ್ ಮೂಲಕ ಹಾಯಿಸಿ ಬಣ್ಣಗಳಾಗಿ ಬೇರ್ಪಡಿಸಿದರು. ಬಣ್ಣದ ಗಾಜುಗಳನ್ನೂ ಅಡ್ಡ ಹಿಡಿದು ಪರೀಕ್ಷಿಸಿದರು. ಸೂರ್ಯನ ರೋಹಿತದಲ್ಲಿ ಶಾಖದ ಪರಿಣಾಮ ಕೆಂಪು ತುದಿಯಲ್ಲಿ ಮತ್ತು ಅದರಾಚೆ ಹೆಚ್ಚಾಗಿರುತ್ತದೆ. ಕಾರಣ ಶಾಖವೇ ಆಗಿದ್ದಲ್ಲಿ ಕೆಂಪು ಬೆಳಕಿನಲ್ಲಿ ಸೂಜಿ ಹೆಚ್ಚು ಸರಿಯಬೇಕಿತ್ತು. ಆದರೆ ನೀಲಿ, ನೇರಳೆ ಮತ್ತು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಲ್ಲಿ ವಿದ್ಯುತ್ ಹೆಚ್ಚಾಗಿ ದೊರೆಯಿತು. ಇದರಿಂದ ಎರಡು ಸಂಗತಿಗಳು ಸ್ಪಷ್ಟವಾದವು. ಮೊದಲನೆಯದಾಗಿ, ವಿದ್ಯುತ್ತಿಗೆ ಕಾರಣ ಶಾಖವಲ್ಲ, ಬೆಳಕು. ಎರಡನೆಯದಾಗಿ, ಎಲ್ಲ ಬಣ್ಣದ ಬೆಳಕೂ ಸಮಾನ ಪರಿಣಾಮ ಬೀರುವುದಿಲ್ಲ. ಯಾವ ಬಣ್ಣ ಯಾವ ವಸ್ತುವಿನ ಮೇಲೆ ಬೀಳುತ್ತದೆ ಎಂಬುದನ್ನು ಅವಲಂಬಿಸಿ ವಿದ್ಯುತ್ತಿನ ಪ್ರಮಾಣ ಬದಲಾಗುತ್ತದೆ. ಇಂದಿನ ಸೌರ ಫಲಕಗಳ ದಕ್ಷತೆಯ ಲೆಕ್ಕಾಚಾರದಲ್ಲಿಯೂ ಈ ಎರಡು ಸಂಗತಿಗಳು ಮುಖ್ಯವಾಗಿವೆ.

ಬೆಳಕಿನಿಂದ ನೇರವಾಗಿ ವಿದ್ಯುತ್ ಉಂಟಾಗುವ ಈ ವಿದ್ಯಮಾನವನ್ನು ದ್ಯುತಿವಿದ್ಯುಜ್ಜನಕ ಪರಿಣಾಮ ಎನ್ನಲಾಗುತ್ತದೆ. ಬೆಕ್ವೆರೆಲ್ ಪರಿಣಾಮ ಎಂಬ ಹೆಸರೂ ಇದಕ್ಕೆ ಇದೆ.

ಸಂಶೋಧನೆಯ ಮಿತಿ

ಈ ಪ್ರಯೋಗದಿಂದ ದೊರೆತ ವಿದ್ಯುತ್ ಅತ್ಯಲ್ಪವಾಗಿತ್ತು. ಸೂಕ್ಷ್ಮ ಮಾಪಕದ ಸೂಜಿಯನ್ನು ಕದಲಿಸುವುದಕ್ಕೆ ಸಾಕಾಗುವ ಆ ಪ್ರವಾಹದಿಂದ ಬೇರೆ ಕೆಲಸ ಸಾಧ್ಯವಿರಲಿಲ್ಲ. ಇದಕ್ಕೆ ಕಾರಣಗಳು ಇಂದು ತಿಳಿದಿವೆ. ಸಿಲ್ವರ್ ಕ್ಲೋರೈಡ್ ಸೂರ್ಯನ ಬೆಳಕಿನ ನೇರಳೆ ತುದಿಯ ಅಲ್ಪ ಭಾಗವನ್ನು ಮಾತ್ರ ಹೀರಿಕೊಳ್ಳುತ್ತದೆ. ಉಳಿದ ಬಹುಭಾಗ ವ್ಯರ್ಥವಾಗುತ್ತದೆ. ಅಲ್ಲದೆ ಬೆಳಕಿನಿಂದಾಗಿ ಆ ಲೇಪನವೇ ಬದಲಾಗುತ್ತ ಹೋಗುತ್ತದೆ. ವಿದ್ಯುತ್ ಹುಟ್ಟಿಸುವ ವಸ್ತುವೇ ಸವೆಯುವ ಇಂತಹ ಸಾಧನ ದೀರ್ಘಕಾಲ ಬಾಳುವಂತಿರಲಿಲ್ಲ.

ವಿದ್ಯುತ್ತಿಗೆ ಬೇಡಿಕೆಯೂ ಆಗ ಇರಲಿಲ್ಲ. ಮನೆಗಳಿಗೆ ದೀಪ ಒದಗಿಸುವ ವಿದ್ಯುತ್ ಕೇಂದ್ರಗಳು ಬಂದದ್ದು ನಾಲ್ಕು ದಶಕಗಳ ನಂತರ. ಹೀಗಿರುವಾಗ ಎಡ್ಮಂಡ್ ಅವರು ತಮ್ಮ ಸಂಶೋಧನೆಯನ್ನು ವಿದ್ಯುತ್ ಉತ್ಪಾದನೆಯ ಮಾರ್ಗವೆಂದು ಮುಂದಿಡದೆ, ಬೆಳಕಿನ ತೀವ್ರತೆಯನ್ನು ಅಳೆಯುವ ಉಪಾಯವಾಗಿ ಬಳಸಿದರು. ಬೆಳ್ಳಿಯ ತಗಡುಗಳನ್ನು ಬಳಸಿ ಅವರು ರೂಪಿಸಿದ ಆಕ್ಟಿನೋಮೀಟರ್ ಎಂಬ ಉಪಕರಣವು ಬೀಳುವ ಬೆಳಕಿನ ಪ್ರಮಾಣವನ್ನು ವಿದ್ಯುತ್ ಪ್ರವಾಹದ ರೂಪದಲ್ಲಿ ತೋರಿಸುತ್ತಿತ್ತು.

ಛಾಯಾಚಿತ್ರ ಕ್ಷೇತ್ರಕ್ಕೆ ಕೊಡುಗೆ

ಬೆಳ್ಳಿಯ ಲವಣಗಳ ಮೇಲಿನ ಅಧ್ಯಯನವನ್ನು ಎಡ್ಮಂಡ್ ಅವರು ಮುಂದುವರಿಸಿದರು. ಕ್ಯಾಮೆರಾದಲ್ಲಿ ಅಲ್ಪಕಾಲ ಬೆಳಕಿಗೆ ಒಡ್ಡಿದ ತಗಡನ್ನು ನಂತರ ಕೆಂಪು ಗಾಜಿನ ಕೆಳಗೆ ಇರಿಸಿದಲ್ಲಿ, ಪಾದರಸದ ಆವಿಯ ಸಹಾಯವಿಲ್ಲದೆಯೇ ಚಿತ್ರ ಪೂರ್ಣವಾಗಿ ಮೂಡುತ್ತದೆ ಎಂಬುದನ್ನು 1840ರಲ್ಲಿ ಅವರು ತೋರಿಸಿಕೊಟ್ಟರು. ಪಾದರಸದ ಆವಿ ವಿಷಕಾರಿಯಾದುದರಿಂದ ಈ ವಿಧಾನ ಗಮನಾರ್ಹವಾದುದು. 1842ರಲ್ಲಿ ಸೂರ್ಯನ ರೋಹಿತದ ಛಾಯಾಚಿತ್ರವನ್ನು ತೆಗೆದು, ಕಣ್ಣಿಗೆ ಕಾಣದ ಅತಿನೇರಳೆ ಭಾಗದಲ್ಲಿಯೂ ಕಪ್ಪು ಗೆರೆಗಳಿರುವುದನ್ನು ದಾಖಲಿಸಿದರು.

1848ರಲ್ಲಿ ಅವರು ವಿಶೇಷವಾಗಿ ಸಿದ್ಧಪಡಿಸಿದ ಬೆಳ್ಳಿಯ ತಗಡಿನ ಮೇಲೆ ಸೂರ್ಯನ ರೋಹಿತದ ಬಣ್ಣಗಳನ್ನೇ ಮೂಡಿಸಿದರು. ಕೆಂಪು ಬೆಳಕು ಬಿದ್ದಲ್ಲಿ ಕೆಂಪು, ನೀಲಿ ಬಿದ್ದಲ್ಲಿ ನೀಲಿ ಕಾಣಿಸಿಕೊಂಡಿತು. ಆದರೆ ಆ ಬಣ್ಣಗಳನ್ನು ಸ್ಥಿರಗೊಳಿಸಲು ಅವರಿಗೆ ಸಾಧ್ಯವಾಗಲಿಲ್ಲ. ಬೆಳಕಿನಲ್ಲಿ ಇಟ್ಟರೆ ಚಿತ್ರ ಮಾಸಿಹೋಗುತ್ತಿದ್ದುದರಿಂದ ಅವುಗಳನ್ನು ಕತ್ತಲೆಯಲ್ಲಿಯೇ ಕಾಪಾಡಬೇಕಾಯಿತು. ಈ ಬಣ್ಣಗಳಿಗೆ ಕಾರಣವೇನೆಂಬುದು ಬಹುಕಾಲ ವಿವಾದದ ವಿಷಯವಾಗಿತ್ತು. ತಗಡಿನಲ್ಲಿರುವ ಅತಿ ಸೂಕ್ಷ್ಮ ಬೆಳ್ಳಿಯ ಕಣಗಳು ಬೇರೆ ಬೇರೆ ಬಣ್ಣದ ಬೆಳಕನ್ನು ಹೀರಿಕೊಳ್ಳುವುದರಿಂದ ಅವು ಉಂಟಾಗುತ್ತವೆ ಎಂದು ಫ್ರಾನ್ಸಿನ ಸಂಶೋಧಕರು 2020ರಲ್ಲಿ ವಿವರಿಸಿದರು.

ಪ್ರಾಧ್ಯಾಪಕ ವೃತ್ತಿ ಮತ್ತು ಇತರ ಸಂಶೋಧನೆಗಳು

1849ರಲ್ಲಿ ಎಡ್ಮಂಡ್ ಅವರು ವರ್ಸೇಯ್ ನಗರದ ಕೃಷಿ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಆ ಸಂಸ್ಥೆ ಅಲ್ಪಾವಧಿಯಲ್ಲಿಯೇ ಮುಚ್ಚಿಹೋದ ನಂತರ, ಪ್ಯಾರಿಸಿನ ಕಲೆ ಮತ್ತು ಕೈಗಾರಿಕಾ ವಿದ್ಯಾಸಂಸ್ಥೆಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ಈ ಸಂಸ್ಥೆಯ ಉಪನ್ಯಾಸಗಳಿಗೆ ಕುಶಲಕರ್ಮಿಗಳು ಮತ್ತು ಕೆಲಸಗಾರರೂ ಬರುತ್ತಿದ್ದರು. ತಂದೆಯೊಡನೆ ಸೇರಿ ಅವರು ವಿದ್ಯುತ್ ಮತ್ತು ಕಾಂತತ್ವವನ್ನು ಕುರಿತು ಮೂರು ಸಂಪುಟಗಳ ಗ್ರಂಥವನ್ನು ರಚಿಸಿದರು.

ಬೆಳಕು ಸರಿದ ಮೇಲೂ ಕೆಲವು ವಸ್ತುಗಳು ಕ್ಷಣಕಾಲ ಹೊಳೆಯುತ್ತಿರುತ್ತವೆ. ಈ ಹೊಳಪು ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಅಳೆಯಲು ಅವರು 1850ರ ದಶಕದ ಕೊನೆಯಲ್ಲಿ ಫಾಸ್ಫೊರೋಸ್ಕೋಪ್ ಎಂಬ ಉಪಕರಣವನ್ನು ನಿರ್ಮಿಸಿದರು. ರಂಧ್ರಗಳುಳ್ಳ ಎರಡು ತಟ್ಟೆಗಳು ವೇಗವಾಗಿ ತಿರುಗುವಾಗ, ವಸ್ತುವಿನ ಮೇಲೆ ಬೆಳಕು ಬೀಳುವ ಕ್ಷಣವೂ ಅದನ್ನು ನೋಡುವ ಕ್ಷಣವೂ ಬೇರೆಯಾಗುವಂತೆ ಅದನ್ನು ರೂಪಿಸಲಾಗಿತ್ತು. ತಿರುಗುವ ವೇಗವನ್ನು ಬದಲಿಸಿ ಸೆಕೆಂಡಿನ ಅತಿ ಸಣ್ಣ ಭಾಗಗಳನ್ನೂ ಅಳೆಯಬಹುದಾಗಿತ್ತು. ವಿದ್ಯುತ್ ಹಾಯುವ ಗಾಜಿನ ಕೊಳವೆಯ ಒಳಗೆ ಹೊಳೆಯುವ ವಸ್ತುಗಳನ್ನು ಇರಿಸಿ ಬೆಳಕು ಪಡೆಯುವ ಪ್ರಯೋಗವನ್ನೂ ಅವರು ಮಾಡಿದರು. ಮುಂದೆ ಬಳಕೆಗೆ ಬಂದ ಟ್ಯೂಬ್‌ಲೈಟಿನ ಮೂಲ ತತ್ವ ಇದೇ ಆಗಿದೆ.

1863ರಲ್ಲಿ ಅವರು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯರಾಗಿ ಆಯ್ಕೆಯಾದರು. 1867 ಮತ್ತು 1868ರಲ್ಲಿ ಬೆಳಕಿನ ಕಾರಣ ಹಾಗೂ ಪರಿಣಾಮಗಳನ್ನು ಕುರಿತ ಅವರ ಬೃಹತ್ ಗ್ರಂಥ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. 1878ರಲ್ಲಿ ತಂದೆ ನಿಧನರಾದಾಗ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದಲ್ಲಿ ಅವರ ಸ್ಥಾನಕ್ಕೆ ಎಡ್ಮಂಡ್ ಬಂದರು. ತಂದೆಯ ಸಹಾಯಕರಾಗಿ ಅಲ್ಲಿಗೆ ಕಾಲಿಟ್ಟು ಆಗ ನಲವತ್ತು ವರ್ಷಗಳಾಗಿದ್ದವು.

ನಿಧನ ಮತ್ತು ಮುಂದಿನ ತಲೆಮಾರು

ಎಡ್ಮಂಡ್ ಬೆಕ್ವೆರೆಲ್ ಅವರು 1891ರ ಮೇ 11ರಂದು ಪ್ಯಾರಿಸಿನಲ್ಲಿ ನಿಧನರಾದರು. ಯುರೇನಿಯಂ ಸಂಯುಕ್ತಗಳ ಹೊಳಪನ್ನು ಕುರಿತು ಅವರು ನಡೆಸಿದ ಅಧ್ಯಯನವನ್ನು ಮಗ ಹೆನ್ರಿ ಮುಂದುವರಿಸಿದರು. 1896ರಲ್ಲಿ ಹೆನ್ರಿ ಬೆಕ್ವೆರೆಲ್ ಅವರು ಯುರೇನಿಯಂ ಲವಣಗಳು ಸೂರ್ಯನ ಬೆಳಕಿನ ನೆರವಿಲ್ಲದೆಯೂ ಕಿರಣಗಳನ್ನು ಹೊರಸೂಸುವುದನ್ನು ಕಂಡುಹಿಡಿದರು. ವಿಕಿರಣಶೀಲತೆಯ ಈ ಸಂಶೋಧನೆಗಾಗಿ 1903ರಲ್ಲಿ ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ ಅವರೊಂದಿಗೆ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಮಗನ ಕೀರ್ತಿ ಜಗತ್ತಿನಲ್ಲೆಲ್ಲ ಹರಡಿತು. ಬೆಳಕಿನಿಂದ ವಿದ್ಯುತ್ ಪಡೆಯುವ ತಂದೆಯ ಸಂಶೋಧನೆ ಜನಬಳಕೆಗೆ ಬರಲು ಮಾತ್ರ ಇನ್ನೂ ಬಹುಕಾಲ ಕಾಯಬೇಕಾಯಿತು.

ಬೆಳ್ಳಿಯ ಲವಣದಿಂದ ಸಿಲಿಕಾನ್‌ವರೆಗೆ

ಬೆಕ್ವೆರೆಲ್ ಅವರ ಪ್ರಯೋಗದಲ್ಲಿ ದ್ರಾವಣವೊಂದು ಅಗತ್ಯವಾಗಿತ್ತು. ದ್ರಾವಣವಿಲ್ಲದೆ ಘನವಸ್ತುವಿನಿಂದಲೇ ಬೆಳಕಿನ ಮೂಲಕ ವಿದ್ಯುತ್ ಪಡೆಯಬಹುದೆಂದು ಇಂಗ್ಲೆಂಡಿನ ಆಡಮ್ಸ್ ಮತ್ತು ಡೇ ಅವರು 1876ರಲ್ಲಿ ಸೆಲೆನಿಯಂ ಧಾತುವಿನಲ್ಲಿ ತೋರಿಸಿದರು. 1883ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರಿಟ್ಸ್ ಅವರು ಸೆಲೆನಿಯಂ ಮೇಲೆ ಚಿನ್ನದ ತೆಳು ಹಾಳೆಯನ್ನು ಹೊದಿಸಿ ಸೌರಕೋಶಗಳನ್ನು ನಿರ್ಮಿಸಿದರು. ಅವುಗಳ ದಕ್ಷತೆ ಸುಮಾರು ಶೇ. 1ರಷ್ಟಿತ್ತು. ಬೆಳಕು ಶಕ್ತಿಯ ಸಣ್ಣ ಸಣ್ಣ ಕಂತೆಗಳಾಗಿ ಬರುತ್ತದೆ ಎಂಬ ಆಲ್ಬರ್ಟ್ ಐನ್‌ಸ್ಟೈನ್ ಅವರ 1905ರ ವಿವರಣೆಯಿಂದ, ಬಣ್ಣಕ್ಕೆ ತಕ್ಕಂತೆ ಪರಿಣಾಮ ಬದಲಾಗುವುದು ಏಕೆ ಎಂಬುದು ಅರ್ಥವಾಗತೊಡಗಿತು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚಾಪಿನ್, ಫುಲ್ಲರ್ ಮತ್ತು ಪಿಯರ್‌ಸನ್ ಎಂಬ ಮೂವರು 1954ರಲ್ಲಿ ಸುಮಾರು ಶೇ. 6ರಷ್ಟು ದಕ್ಷತೆಯ ಸಿಲಿಕಾನ್ ಸೌರಕೋಶವನ್ನು ಪ್ರದರ್ಶಿಸಿದರು. ಬೆಕ್ವೆರೆಲ್ ಅವರ ಪ್ರಯೋಗ ನಡೆದು ಆಗ 115 ವರ್ಷಗಳು ಕಳೆದಿದ್ದವು. 1958ರಲ್ಲಿ ವ್ಯಾನ್‌ಗಾರ್ಡ್-1 ಉಪಗ್ರಹವು ಸೌರಕೋಶಗಳನ್ನು ಹೊತ್ತು ಬಾಹ್ಯಾಕಾಶಕ್ಕೆ ಹೋಯಿತು. ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಾಣಗೊಂಡು 1975ರ ಏಪ್ರಿಲ್ 19ರಂದು ಉಡಾವಣೆಯಾದ ಭಾರತದ ಮೊದಲ ಉಪಗ್ರಹ ಆರ್ಯಭಟದ ಮೈಮೇಲೂ ಸೌರಕೋಶಗಳಿದ್ದವು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಜಮೀನಿನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ನಿರ್ಮಾಣಗೊಂಡಿದೆ. ಪದೇ ಪದೇ ಬರಕ್ಕೆ ತುತ್ತಾಗುತ್ತಿದ್ದ ಭೂಮಿಗೆ ಇದರಿಂದ ವಾರ್ಷಿಕ ಗುತ್ತಿಗೆ ಹಣ ದೊರೆಯುವಂತಾಗಿದೆ.

ಸೌರ ಫಲಕವು ಕಾರ್ಯನಿರ್ವಹಿಸುವ ವಿಧಾನ

ಮರಳಿನಲ್ಲಿರುವ ಸಿಲಿಕಾನ್ ಧಾತುವನ್ನು ಶುದ್ಧೀಕರಿಸಿ ತೆಳುವಾದ ಬಿಲ್ಲೆಗಳನ್ನಾಗಿ ಕತ್ತರಿಸಲಾಗುತ್ತದೆ. ಪ್ರತಿ ಬಿಲ್ಲೆಯಲ್ಲಿಯೂ ಎರಡು ಪದರಗಳಿರುತ್ತವೆ. ಸಾಮಾನ್ಯವಾಗಿ ಒಂದಕ್ಕೆ ರಂಜಕವನ್ನೂ ಇನ್ನೊಂದಕ್ಕೆ ಬೋರಾನ್ ಅಥವಾ ಅಂತಹುದೇ ಧಾತುವನ್ನೂ ಅತಿ ಅಲ್ಪ ಪ್ರಮಾಣದಲ್ಲಿ ಸೇರಿಸಲಾಗುತ್ತದೆ. ಈ ಪದರಗಳು ಕೂಡುವಲ್ಲಿ ಒಂದು ವಿದ್ಯುತ್ ಕ್ಷೇತ್ರ ಏರ್ಪಡುತ್ತದೆ. ಬೆಳಕಿನ ಕಂತೆಯೊಂದು ಸಿಲಿಕಾನ್‌ಗೆ ತಾಗಿದಾಗ ಎಲೆಕ್ಟ್ರಾನ್ ಒಂದು ತನ್ನ ಸ್ಥಾನದಿಂದ ಬಿಡುಗಡೆಯಾಗುತ್ತದೆ. ವಿದ್ಯುತ್ ಕ್ಷೇತ್ರವು ಅದನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ. ಮೇಲೆ ಮತ್ತು ಕೆಳಗೆ ಇರುವ ಲೋಹದ ಪಟ್ಟಿಗಳನ್ನು ತಂತಿಯಿಂದ ಜೋಡಿಸಿದಾಗ ಪ್ರವಾಹ ಹರಿಯುತ್ತದೆ. ಇದರಲ್ಲಿ ಸವೆಯುವ ಇಂಧನವಿಲ್ಲ. ಚಲಿಸುವ ಭಾಗಗಳೂ ಇಲ್ಲ.

ಒಂದು ಸೌರಕೋಶದಿಂದ ಸುಮಾರು ಅರ್ಧ ವೋಲ್ಟ್ ಮಾತ್ರ ದೊರೆಯುತ್ತದೆ. ಆದುದರಿಂದ ಹಲವು ಕೋಶಗಳನ್ನು ಸರಣಿಯಲ್ಲಿ ಜೋಡಿಸಿ ಗಾಜಿನ ಹೊದಿಕೆಯೊಳಗೆ ಅಳವಡಿಸಿ ಫಲಕವನ್ನು ತಯಾರಿಸಲಾಗುತ್ತದೆ. ಫಲಕದಿಂದ ಬರುವುದು ನೇರ ವಿದ್ಯುತ್ ಪ್ರವಾಹ. ಗೃಹಬಳಕೆಗೆ ಬೇಕಾದ ಪರ್ಯಾಯ ಪ್ರವಾಹವನ್ನಾಗಿ ಅದನ್ನು ಇನ್‌ವರ್ಟರ್ ಪರಿವರ್ತಿಸುತ್ತದೆ.

ದಕ್ಷತೆಯ ಮೇಲೆ ಪರಿಣಾಮ ಬೀರುವ ಅಂಶಗಳು

ಫಲಕದ ಮೇಲೆ ಬಿದ್ದ ಬೆಳಕಿನ ಶಕ್ತಿಯಲ್ಲಿ ಎಷ್ಟು ಭಾಗ ವಿದ್ಯುತ್ತಾಗಿ ಪರಿವರ್ತನೆಯಾಗುತ್ತದೆ ಎಂಬುದೇ ದಕ್ಷತೆ. ಒಂದು ಚದರ ಮೀಟರ್ ಫಲಕದ ಮೇಲೆ 1,000 ವ್ಯಾಟ್ ಬೆಳಕು ಬಿದ್ದು 200 ವ್ಯಾಟ್ ವಿದ್ಯುತ್ ದೊರೆತಲ್ಲಿ ಅದರ ದಕ್ಷತೆ ಶೇ. 20 ಆಗುತ್ತದೆ. ದಕ್ಷತೆ ಮತ್ತು ಒಟ್ಟು ಉತ್ಪಾದನೆಯ ಮೇಲೆ ಪರಿಣಾಮ ಬೀರುವ ಮುಖ್ಯ ಅಂಶಗಳು ಈ ಕೆಳಕಂಡಂತಿವೆ.

1. ಬೆಳಕಿನ ಬಣ್ಣ ಮತ್ತು ಫಲಕದ ವಸ್ತು: ಕೆಂಪಿನಾಚೆಯ ಕಿರಣಗಳಲ್ಲಿ ಒಂದು ಭಾಗಕ್ಕೆ ಸಿಲಿಕಾನಿನ ಎಲೆಕ್ಟ್ರಾನನ್ನು ಬಿಡಿಸುವಷ್ಟು ಶಕ್ತಿ ಇರುವುದಿಲ್ಲ. ನೀಲಿ ಕಿರಣಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ಶಕ್ತಿ ಇದ್ದು, ಹೆಚ್ಚುವರಿ ಭಾಗ ಶಾಖವಾಗಿ ವ್ಯಯವಾಗುತ್ತದೆ. ಇದರಿಂದ ಒಂದೇ ಪದರ ಜೋಡಿಯ ಸಿಲಿಕಾನ್ ಕೋಶದ ಗರಿಷ್ಠ ದಕ್ಷತೆ ಸುಮಾರು ಶೇ. 30ಕ್ಕೆ ಸೀಮಿತವಾಗುತ್ತದೆ ಎಂದು ಶಾಕ್ಲಿ ಮತ್ತು ಕ್ವೈಸರ್ ಅವರು 1961ರಲ್ಲಿ ಲೆಕ್ಕಹಾಕಿ ತೋರಿಸಿದರು. ಮಾರುಕಟ್ಟೆಯಲ್ಲಿ ದೊರೆಯುವ ಉತ್ತಮ ಫಲಕಗಳ ದಕ್ಷತೆ ಶೇ. 20ರಿಂದ 23ರ ಆಸುಪಾಸಿನಲ್ಲಿದೆ. ಬೇರೆ ಬೇರೆ ಬಣ್ಣಗಳನ್ನು ಹೀರುವ ಎರಡು ವಸ್ತುಗಳನ್ನು ಒಂದರ ಮೇಲೊಂದು ಇರಿಸಿದ ಕೋಶಗಳು ಪ್ರಯೋಗಾಲಯದಲ್ಲಿ ಶೇ. 34ನ್ನು ಮೀರಿವೆ.

2. ಬೆಳಕಿನ ಪ್ರಮಾಣ: ಮೋಡ ಕವಿದಾಗ ಉತ್ಪಾದನೆ ಇಳಿಯುತ್ತದೆ, ಆದರೆ ಪೂರ್ಣವಾಗಿ ನಿಲ್ಲುವುದಿಲ್ಲ. ಚದುರಿದ ಬೆಳಕಿನಿಂದಲೂ ಸ್ವಲ್ಪಮಟ್ಟಿನ ವಿದ್ಯುತ್ ದೊರೆಯುತ್ತದೆ.

3. ತಾಪಮಾನ: ಫಲಕದ ಸಾಮರ್ಥ್ಯವನ್ನು 25 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಪರೀಕ್ಷಿಸಿ ನಮೂದಿಸಲಾಗುತ್ತದೆ. ಅದಕ್ಕಿಂತ ಪ್ರತಿ ಡಿಗ್ರಿ ಹೆಚ್ಚಾದಂತೆ ಸಿಲಿಕಾನ್ ಫಲಕದ ಉತ್ಪಾದನೆ ಸಾಮಾನ್ಯವಾಗಿ ಶೇ. 0.3ರಿಂದ 0.5ರಷ್ಟು ಕುಸಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಫಲಕದ ಮೈ 65 ಡಿಗ್ರಿಗೆ ಏರಿತೆಂದು ಭಾವಿಸಿದಲ್ಲಿ, ಡಿಗ್ರಿಗೆ ಶೇ. 0.4ರಂತೆ 400 ವ್ಯಾಟ್ ಫಲಕದಿಂದ ಸುಮಾರು 336 ವ್ಯಾಟ್ ಮಾತ್ರ ದೊರೆಯುತ್ತದೆ. ಗಾಳಿ ತಂಪಾಗಿದ್ದು ಆಕಾಶ ನಿರ್ಮಲವಾಗಿರುವ ದಿನಗಳಲ್ಲಿ ಫಲಕದ ದಕ್ಷತೆ ಉತ್ತಮವಾಗಿರುತ್ತದೆ.

4. ನೆರಳು: ಕೋಶಗಳು ಸರಣಿಯಲ್ಲಿ ಇರುವುದರಿಂದ ಒಂದು ಕೋಶದ ಮೇಲೆ ನೆರಳು ಬಿದ್ದರೂ ಇಡೀ ಸರಣಿಯ ಪ್ರವಾಹ ಕುಗ್ಗುತ್ತದೆ. ನೆರಳಿನಲ್ಲಿರುವ ಕೋಶ ಬಿಸಿಯಾಗಿ ಹಾನಿಗೊಳ್ಳುವ ಸಂಭವವೂ ಇದೆ. ಇದನ್ನು ತಗ್ಗಿಸಲು ಫಲಕದಲ್ಲಿ ಬೈಪಾಸ್ ಡಯೋಡ್‌ಗಳನ್ನು ಅಳವಡಿಸಿರುತ್ತಾರೆ. ನೀರಿನ ಟ್ಯಾಂಕ್, ತೆಂಗಿನ ಮರ, ಪಕ್ಕದ ಕಟ್ಟಡ ಇವುಗಳ ನೆರಳನ್ನು ಮೊದಲೇ ಗಮನಿಸುವುದು ಅಗತ್ಯ.

5. ಧೂಳು ಮತ್ತು ಹಕ್ಕಿಗಳ ಹಿಕ್ಕೆ: ಇವು ಬೆಳಕನ್ನು ತಡೆಯುತ್ತವೆ. ಮಳೆ ಇಲ್ಲದ ತಿಂಗಳುಗಳಲ್ಲಿ ಫಲಕಗಳನ್ನು ನಿಯಮಿತವಾಗಿ ಶುಚಿಗೊಳಿಸಬೇಕು. ಕಾದ ಗಾಜಿನ ಮೇಲೆ ತಣ್ಣೀರು ಸುರಿಯುವುದು ಸೂಕ್ತವಲ್ಲವಾದುದರಿಂದ ಬೆಳಗ್ಗೆ ಅಥವಾ ಸಂಜೆ ಈ ಕೆಲಸ ಮಾಡುವುದು ಉತ್ತಮ.

6. ದಿಕ್ಕು ಮತ್ತು ಓರೆ: ಕರ್ನಾಟಕವು ಭೂಮಧ್ಯರೇಖೆಯ ಉತ್ತರಕ್ಕೆ ಇರುವುದರಿಂದ ಫಲಕಗಳು ದಕ್ಷಿಣಾಭಿಮುಖವಾಗಿರಬೇಕು. ಓರೆಯ ಕೋನವು ಸ್ಥೂಲವಾಗಿ ಆಯಾ ಸ್ಥಳದ ಅಕ್ಷಾಂಶಕ್ಕೆ ಸಮನಾಗಿರಬೇಕು. ಬೆಂಗಳೂರಿಗೆ ಇದು ಸುಮಾರು 13 ಡಿಗ್ರಿ.

7. ವಯಸ್ಸು: ವರ್ಷಗಳು ಕಳೆದಂತೆ ಫಲಕದ ಸಾಮರ್ಥ್ಯ ನಿಧಾನವಾಗಿ ಇಳಿಯುತ್ತದೆ. ಉತ್ತಮ ಫಲಕಗಳಿಗೆ ತಯಾರಕರು ಸಾಮಾನ್ಯವಾಗಿ 25 ವರ್ಷಗಳ ಉತ್ಪಾದನಾ ಖಾತರಿ ನೀಡುತ್ತಾರೆ. ಇನ್‌ವರ್ಟರಿನ ಬಾಳಿಕೆ ಇದಕ್ಕಿಂತ ಕಡಿಮೆ ಇರುತ್ತದೆ.

ಅರ್ಜಿದಾರರ ಗಮನಕ್ಕೆ

ಒಂದು ಕಿಲೋವ್ಯಾಟ್ ಸಾಮರ್ಥ್ಯದ ಘಟಕಕ್ಕೆ ಸ್ಥೂಲವಾಗಿ 10 ಚದರ ಮೀಟರ್, ಅಂದರೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಅಗತ್ಯ. ಇಂತಹ ಘಟಕದಿಂದ ಉತ್ತಮ ಬಿಸಿಲಿರುವ ದಿನದಲ್ಲಿ ಸುಮಾರು 4 ಯೂನಿಟ್ ವಿದ್ಯುತ್ತನ್ನು ನಿರೀಕ್ಷಿಸಬಹುದು. ಅರ್ಜಿ ಸಲ್ಲಿಸುವ ಮೊದಲು ಬೆಳಗ್ಗೆ 9 ಗಂಟೆಗೆ, ಮಧ್ಯಾಹ್ನ ಹಾಗೂ ಸಂಜೆ 4 ಗಂಟೆಗೆ ಛಾವಣಿಯ ಮೇಲೆ ನೆರಳು ಎಲ್ಲಿ ಬೀಳುತ್ತದೆ ಎಂಬುದನ್ನು ಪರಿಶೀಲಿಸತಕ್ಕದ್ದು. ಡಿಸೆಂಬರ್ ತಿಂಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ನೆರಳು ಉದ್ದವಾಗುತ್ತದೆ ಎಂಬುದನ್ನು ಗಮನದಲ್ಲಿಡಬೇಕು.

ಫಲಕಗಳನ್ನು ಛಾವಣಿಗೆ ಅಂಟಿಸಿದಂತೆ ಅಳವಡಿಸದೆ, ಕೆಳಗೆ ಗಾಳಿ ಆಡುವಷ್ಟು ಅಂತರ ಬಿಡುವುದರಿಂದ ಶಾಖದ ನಷ್ಟ ಕಡಿಮೆಯಾಗುತ್ತದೆ. ಫಲಕದ ಮೇಲೆ ನಮೂದಿಸಿರುವ ವ್ಯಾಟ್ ಸಂಖ್ಯೆಯು ಪರೀಕ್ಷಾ ಸ್ಥಿತಿಯದ್ದಾಗಿದ್ದು, ಛಾವಣಿಯ ಮೇಲೆ ಸದಾ ಅಷ್ಟೇ ದೊರೆಯುವುದಿಲ್ಲ. ಆದುದರಿಂದ ವರ್ಷಕ್ಕೆ ಎಷ್ಟು ಯೂನಿಟ್ ನಿರೀಕ್ಷಿಸಬಹುದು ಎಂಬ ಅಂದಾಜನ್ನೂ, ತಾಪದಿಂದಾಗುವ ಇಳಿಕೆಯ ಪ್ರಮಾಣವನ್ನೂ ಸರಬರಾಜುದಾರರಿಂದ ಲಿಖಿತವಾಗಿ ಪಡೆಯುವುದು ಸೂಕ್ತ. ವಿದ್ಯುತ್ ಜಾಲಕ್ಕೆ ಜೋಡಿಸಿದ, ಬ್ಯಾಟರಿ ಇಲ್ಲದ ಘಟಕವು ಜಾಲದಲ್ಲಿ ವಿದ್ಯುತ್ ಕಡಿತವಾದಾಗ ಲೈನ್‌ಮನ್‌ಗಳ ಸುರಕ್ಷತೆಗಾಗಿ ತಾನಾಗಿಯೇ ಸ್ಥಗಿತಗೊಳ್ಳುತ್ತದೆ. ಕಡಿತದ ಸಮಯದಲ್ಲಿಯೂ ವಿದ್ಯುತ್ ಬೇಕಾದವರು ಬ್ಯಾಟರಿ ಸಹಿತ ವ್ಯವಸ್ಥೆಯ ಬಗ್ಗೆ ವಿಚಾರಿಸಬೇಕು.

ಬೆಳಕಿನ ಪ್ರಮಾಣ, ಅದರ ಬಣ್ಣ, ಅದು ಬೀಳುವ ವಸ್ತು ಮತ್ತು ಶಾಖ ಇವುಗಳನ್ನು ಬೇರೆ ಬೇರೆಯಾಗಿ ಪರಿಶೀಲಿಸುವ ಕ್ರಮವನ್ನು ಎಡ್ಮಂಡ್ ಬೆಕ್ವೆರೆಲ್ ಅವರು 1839ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ತಮ್ಮ ಛಾವಣಿಗೆ ಸೂಕ್ತವಾದ ಘಟಕವನ್ನು ಆಯ್ಕೆ ಮಾಡುವಾಗ ಸಾರ್ವಜನಿಕರೂ ಇದೇ ಕ್ರಮವನ್ನು ಅನುಸರಿಸಿದಲ್ಲಿ, ತೊಡಗಿಸಿದ ಹಣಕ್ಕೆ ತಕ್ಕ ವಿದ್ಯುತ್ತನ್ನು ಪಡೆಯಲು ಅನುಕೂಲವಾಗುತ್ತದೆ.